ಕೆಂಪು ಇಳಿಸುವ ಹನಿಗೆ ಲೆಕ್ಕ ಇಡಿಸಿ: ಮಂಡ್ಯ ಜಿಲ್ಲೆಯ ಆರೋಗ್ಯ ಮತ್ತು ಔಷಧ ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಮಾನ್ಯ ಸಹಾಯಕ ಔಷಧ ನಿಯಂತ್ರಕರು,
ಮಂಡ್ಯ.

ವಿಷಯ: ಸ್ಟೆರಾಯ್ಡ್ ಕಣ್ಣಿನ ಹನಿಗಳ ಮಾರಾಟ, ಬಳಕೆ ಮತ್ತು ಕಣ್ಣಿನ ಒತ್ತಡದ ತಪಾಸಣೆ ಕುರಿತು.

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಕಣ್ಣು ಕೆಂಪಾದವರು ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. "ಕಣ್ಣು ಉರೀತದೆ, ಒಂದು ಡ್ರಾಪ್ಸ್ ಕೊಡಿ" ಎಂದರೆ ಸಾಕು, ಬಾಟಲಿ ಕೈಗೆ ಬರುತ್ತದೆ. ಅದರಲ್ಲಿ ಬಹಳ ಸಲ ಎರಡು ಔಷಧ ಸೇರಿರುತ್ತವೆ. ಒಂದು ಆ್ಯಂಟಿಬಯೋಟಿಕ್, ಇನ್ನೊಂದು ಡೆಕ್ಸಾಮೆಥಸೋನ್, ಬೆಟಾಮೆಥಸೋನ್ ಅಥವಾ ಪ್ರೆಡ್ನಿಸಲೋನ್ ಎಂಬ, ಉರಿಯೂತ ಅಡಗಿಸುವ ಸ್ಟೆರಾಯ್ಡ್. ಡಬ್ಬದ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು ಮಾತ್ರ. ಸ್ಟೆರಾಯ್ಡ್ ಇದೆ ಎಂಬುದಕ್ಕೆ ಆ ಹೆಸರಿನ ಬಾಲದಲ್ಲಿರುವ ಒಂದು 'ಡಿ' ಅಕ್ಷರವೇ ಸುಳಿವು, ಉಳಿದದ್ದೆಲ್ಲ ಸಣ್ಣಕ್ಷರ. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ. ಕೊಟ್ಟವರಿಗೂ ಹಾಕಿಕೊಂಡವರಿಗೂ ಸಮಾಧಾನ. ನಮ್ಮ ತಕರಾರು ಇರುವುದೇ ಆ ಸಮಾಧಾನದ ಬಗ್ಗೆ.

ಈ ಪತ್ರ ಸ್ಟೆರಾಯ್ಡ್ ಹನಿಯ ವಿರುದ್ಧ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. 1950ರ ದಶಕದಿಂದ ಕಣ್ಣಿನ ವೈದ್ಯದಲ್ಲಿ ಬಳಕೆಯಲ್ಲಿರುವ ಈ ಔಷಧ ಇಲ್ಲದಿದ್ದರೆ ಎಷ್ಟೋ ಕಣ್ಣುಗಳು ಉಳಿಯುತ್ತಿರಲಿಲ್ಲ. ನಿಷೇಧ ಹೇರಿ, ದಾಸ್ತಾನು ಜಪ್ತಿ ಮಾಡಿ ಎಂದು ನಾವು ಕೇಳುವುದಿಲ್ಲ. ಯಾವ ಕಣ್ಣಿಗೆ, ಎಷ್ಟು ಹನಿ, ಯಾವ ತಾರೀಖಿನವರೆಗೆ, ಆ ನಡುವೆ ಒತ್ತಡ ನೋಡಿದವರು ಯಾರು ಎಂಬ ಲೆಕ್ಕ ಇಡಿಸಿ ಎನ್ನುತ್ತಿದ್ದೇವೆ. ಈಗ ಆ ಲೆಕ್ಕ ಇಲ್ಲದ ಕಾರಣ ಬೇಕಾದವರಿಗೆ ಔಷಧ ಸಾಲುತ್ತಿಲ್ಲ, ಬೇಡದವರಿಗೆ ಅತಿಯಾಗುತ್ತಿದೆ.

ಸಾಲದಿರುವುದರ ಮಾತು ಮೊದಲು, ಏಕೆಂದರೆ ಇದರ ಬಗ್ಗೆ ಯಾರೂ ದೂರು ಬರೆಯುವುದಿಲ್ಲ. ಕಣ್ಣಿನ ಒಳಗಿನ ಉರಿಯೂತ, ಅಂದರೆ ಯುವಿಯೈಟಿಸ್, ಹೊರಗಿನಿಂದ ನೋಡಿದರೆ ಸಾಧಾರಣ ಕಣ್ಣುಬೇನೆಯಂತೆಯೇ ಕಾಣುತ್ತದೆ. ವ್ಯತ್ಯಾಸ ತಿಳಿಯಲು ಕೆಲವು ಗುರುತುಗಳಿವೆ. ಕೆಂಪು ಕಪ್ಪುಗುಡ್ಡೆಯ ಸುತ್ತ ಉಂಗುರದಂತೆ ಹೆಚ್ಚಿರುತ್ತದೆ. ಪಿಸುರು ಇರುವುದಿಲ್ಲ. ಬೆಳಕಿಗೆ ಕಣ್ಣು ತೆರೆಯಲಾಗದು, ನೋವು ಒಳಗಿನದು, ದೃಷ್ಟಿ ಮಂಜು, ಪಾಪೆ ಚಿಕ್ಕದಾಗಿರುತ್ತದೆ. ಬೆನ್ನುಮೂಳೆ ಬಿಗಿಯುವ ಸಂಧಿವಾತ ಇರುವ ಯುವಕರಲ್ಲಿ, ಕ್ಷಯದವರಲ್ಲಿ, ಪೆಟ್ಟು ಬಿದ್ದ ಕಣ್ಣಿನಲ್ಲಿ ಇದು ಬರುತ್ತದೆ. ಗದ್ದೆ ಕೆಲಸದವರಲ್ಲಿ ಇಲಿಜ್ವರ ಬಂದುಹೋದ ಕೆಲವು ವಾರ ಅಥವಾ ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಭತ್ತ ಬೆಳೆಯುವ ಜಿಲ್ಲೆಯಲ್ಲಿ ಜ್ವರದ ಪೂರ್ವಕಥೆ ಕೇಳದೆ ಕಣ್ಣಿಗೆ ಚೀಟಿ ಬರೆಯಬಾರದು.

ಇಂಥ ಕಣ್ಣಿಗೆ ಪ್ರೆಡ್ನಿಸಲೋನ್ ಅಸಿಟೇಟ್ 1% ಹನಿಯನ್ನು ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದರಂತೆ ಹಾಕಬೇಕಾಗುತ್ತದೆ. ಜೊತೆಗೆ ಪಾಪೆ ಅರಳಿಸುವ ಹೋಮಟ್ರೋಪಿನ್ ಅಥವಾ ಅಟ್ರೋಪಿನ್ ಬೇಕು, ಇಲ್ಲವಾದರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಸುತ್ತಲೂ ಅಂಟಿದರೆ ಒಳಗಿನ ದ್ರವ ಮುಂದಕ್ಕೆ ಹರಿಯದೆ ಒತ್ತಡ ಏರುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 16 ಗಂಟೆ ಎಂದರೆ ಮೊದಲ ವಾರ ಒಂದೇ ಕಣ್ಣಿಗೆ 112 ಹನಿ. ಎರಡನೇ ವಾರ ಎರಡು ಗಂಟೆಗೊಮ್ಮೆ, 56. ಆಮೇಲೆ ವಾರ ವಾರ ದಿನಕ್ಕೆ ನಾಲ್ಕು, ಮೂರು, ಎರಡು, ಒಂದು ಎಂದು ಇಳಿಸಿದರೆ 28, 21, 14, 7. ಒಟ್ಟು 238 ಹನಿ. 5 ಮಿಲಿಯ ಬಾಟಲಿಯಲ್ಲಿ ಸುಮಾರು 100 ಹನಿ ಸಿಗುತ್ತದೆ, ರೆಪ್ಪೆ ಮೇಲೆ, ಕೆನ್ನೆ ಮೇಲೆ ಬೀಳುವುದು ಬೇರೆ. ಅಂದರೆ ಒಂದು ಕಣ್ಣಿನ ಒಂದು ಸಲದ ಚಿಕಿತ್ಸೆಗೆ ಕನಿಷ್ಠ ಮೂರು ಬಾಟಲಿ ಬೇಕು. ಹೊರರೋಗಿ ಕೌಂಟರಿನಲ್ಲಿ ಒಂದು ಬಾಟಲಿ ಕೊಟ್ಟು ಕಳಿಸಿದರೆ ಅದು ಆರನೇ ದಿನಕ್ಕೆ ಬರಿದಾಗುತ್ತದೆ. ಅಷ್ಟು ಹೊತ್ತಿಗೆ ನೋವು ಹೋಗಿರುತ್ತದೆ, ರೋಗಿ ಸುಮ್ಮನಾಗುತ್ತಾನೆ. ಗಂಟೆಗೊಂದು ಹಾಕುತ್ತಿದ್ದ ಹನಿ ದಿಢೀರನೆ ನಿಂತರೆ ಉರಿಯೂತ ಮರುಕಳಿಸುತ್ತದೆ, ಹಲವು ಸಲ ಮೊದಲಿಗಿಂತ ಜೋರಾಗಿ.

ಹಾಕುವ ಕ್ರಮದಲ್ಲೂ ಔಷಧ ವ್ಯರ್ಥವಾಗುತ್ತದೆ. ಪ್ರೆಡ್ನಿಸಲೋನ್ ಅಸಿಟೇಟ್ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕದೆ ಹಾಕಿದರೆ ಬೀಳುವ ಹನಿಯಲ್ಲಿ ಔಷಧ ತೀರಾ ಕಡಿಮೆ ಇರುತ್ತದೆ, ಗಟ್ಟಿ ಅಂಶವೆಲ್ಲ ತಳದಲ್ಲಿ ಉಳಿಯುತ್ತದೆ. "ಡ್ರಾಪ್ಸ್ ಹಾಕಿದರೂ ಗುಣವಾಗಲಿಲ್ಲ" ಎಂದು ಬರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, ಕುಲುಕಿದಿರಾ ಎಂಬುದು. ಒಂದು ಹೊತ್ತಿಗೆ ಒಂದೇ ಹನಿ ಸಾಕು, ಎರಡನೆಯದಕ್ಕೆ ಕಣ್ಣಿನಲ್ಲಿ ಜಾಗವಿಲ್ಲ, ಅದು ಹೊರಗೆ ಹರಿದುಹೋಗುತ್ತದೆ. ಹಾಕಿದ ಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಬೇರೆ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು, ಮುಲಾಮು ಇದ್ದರೆ ಕೊನೆಗೆ. ಬಾಟಲಿ ತೆರೆದ ಒಂದು ತಿಂಗಳ ನಂತರ ಉಳಿದದ್ದನ್ನು ಎಸೆಯಬೇಕು. ಇಷ್ಟನ್ನು ಒಂದು ಕಾಗದದ ಚೂರಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಟಲಿಯ ಜೊತೆ ಕೊಡಲು ಎಷ್ಟು ಖರ್ಚಾದೀತು?

ಇನ್ನು ಅತಿಯಾಗುತ್ತಿರುವುದರ ವಿಷಯ.

ಕಣ್ಣಿನ ಒಳಗೆ ದ್ರವ ಹುಟ್ಟುತ್ತಲೇ ಇರುತ್ತದೆ, ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಅಂಗಾಂಶದ ಮೂಲಕ ಹೊರಗೆ ಹೋಗುತ್ತಲೇ ಇರುತ್ತದೆ. ಸ್ಟೆರಾಯ್ಡ್ ವಾರಗಟ್ಟಲೆ ಬಿದ್ದರೆ ಕೆಲವರಲ್ಲಿ ಆ ಜರಡಿಯ ರಂಧ್ರಗಳಲ್ಲಿ ಪ್ರೋಟೀನು ಮತ್ತು ಅಂಟು ಪದಾರ್ಥ ತುಂಬಿಕೊಳ್ಳುತ್ತದೆ. ಹೂಳು ತುಂಬಿದ ಕಾಲುವೆಯ ಹಾಗೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರಬೇಕಾದ ಒತ್ತಡ 30, 40 ದಾಟುತ್ತದೆ. ಬಲವಾದ ಸ್ಟೆರಾಯ್ಡ್ ಹನಿಯನ್ನು ನಾಲ್ಕರಿಂದ ಆರು ವಾರ ಹಾಕಿದರೆ ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಒತ್ತಡ ಸ್ವಲ್ಪವಾದರೂ ಏರುತ್ತದೆ, ನೂರಕ್ಕೆ ಐದರಷ್ಟು ಜನರಲ್ಲಿ ವಿಪರೀತ ಏರುತ್ತದೆ. ಈಗಾಗಲೇ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಇರುವವರಲ್ಲಿ, ಅವರ ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಮೈನಸ್ ನಂಬರು ಜಾಸ್ತಿ ಇರುವವರಲ್ಲಿ ಅಪಾಯ ಹೆಚ್ಚು. ಯಾರು ಆ ಐವರಲ್ಲಿ ಒಬ್ಬರು ಎಂಬುದು ಮುಖ ನೋಡಿ ಗೊತ್ತಾಗುವುದಿಲ್ಲ, ಅಳೆದೇ ತಿಳಿಯಬೇಕು. ನೋವು ಇಲ್ಲ, ಕೆಂಪು ಇಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತ ಬರುತ್ತದೆ, ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಹನಿ ನಿಲ್ಲಿಸಿದರೆ ಒತ್ತಡ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ ನಿಜ, ಆದರೆ ಅಷ್ಟರಲ್ಲಿ ಸತ್ತ ನರದ ಎಳೆಗಳು ಮರಳುವುದಿಲ್ಲ. ಇದರ ಜೊತೆಗೆ ಮಸೂರದ ಹಿಂಭಾಗದಲ್ಲಿ ಕೂಡುವ ಪೊರೆ ಬೇರೆ. ಅದಕ್ಕೆ ಶಸ್ತ್ರಚಿಕಿತ್ಸೆಯಾದರೂ ಇದೆ.

ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್‌ನಂಥವು ಒತ್ತಡ ಏರಿಸುವುದು ಕಡಿಮೆ. ಹಾಗೆಂದು ಅವುಗಳನ್ನು 'ಸೇಫ್ ಸ್ಟೆರಾಯ್ಡ್' ಎಂದು ಹೇಳಿ ಮಾರುವುದು ಸರಿಯಲ್ಲ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ನಮಗೆ ಹೆಚ್ಚು ಕಳವಳ ಮಕ್ಕಳದು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಐದರಿಂದ ಹದಿನೈದು ವಯಸ್ಸಿನ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಕಣ್ಣು ತಿಕ್ಕಿಕೊಳ್ಳುತ್ತ ಬರುತ್ತಾರೆ. ತಡೆಯಲಾಗದ ನವೆ, ದಾರದಂತೆ ಎಳೆದು ಬರುವ ಪಿಸುರು, ರೆಪ್ಪೆ ಮಗುಚಿದರೆ ಒಳಗೆ ಕಲ್ಲು ಹಾಸಿದಂಥ ಗಂಟುಗಳು. ಇದು ವರ್ನಲ್ ಎಂಬ ಅಲರ್ಜಿ. ವರ್ಷ ವರ್ಷ ಬರುತ್ತದೆ, ಪ್ರಾಯಕ್ಕೆ ಬರುವ ಹೊತ್ತಿಗೆ ಬಹಳ ಮಕ್ಕಳಲ್ಲಿ ತಾನೇ ಕಡಿಮೆಯಾಗುತ್ತದೆ. ತೀವ್ರವಾಗಿರುವಾಗ ಒಂದೆರಡು ವಾರ ಸ್ಟೆರಾಯ್ಡ್ ಕೊಡುವುದು ತಪ್ಪಲ್ಲ. ಆ ಒಂದೆರಡು ವಾರದ ಚೀಟಿ ಮನೆಯಲ್ಲಿ ಉಳಿದುಬಿಡುವುದು ಅನಾಹುತ. ಮುಂದಿನ ಬೇಸಿಗೆಗೂ ಅದೇ ಚೀಟಿ, ಚೀಟಿ ಹರಿದುಹೋದರೆ ಖಾಲಿ ಬಾಟಲಿ. ಅಂಗಡಿಯಲ್ಲಿ ತೋರಿಸಿದರೆ ಮತ್ತೊಂದು ಸಿಗುತ್ತದೆ. ಮಕ್ಕಳಲ್ಲಿ ಒತ್ತಡ ದೊಡ್ಡವರಿಗಿಂತ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. ಅಂಚಿನ ನೋಟ ಹೋಗಿದೆ ಎಂದು ಹೇಳಲು ಮಗುವಿಗೆ ಬರುವುದಿಲ್ಲ. ನಡೆಯುವಾಗ ಬಾಗಿಲಿಗೆ, ಬೆಂಚಿಗೆ ತಾಗುತ್ತಾನೆ ಎಂದು ಮನೆಯವರು ಕರೆತರುವ ಹೊತ್ತಿಗೆ ನರ ಬಿಳಿಚಿಕೊಂಡಿರುತ್ತದೆ.

ಈ ಮಕ್ಕಳಿಗೆ ದೀರ್ಘಕಾಲಕ್ಕೆ ಬೇರೆ ದಾರಿಗಳಿವೆ. ಅಲರ್ಜಿ ತಡೆಯುವ ಓಲೋಪಟಡಿನ್, ಕೀಟೋಟಿಫೆನ್ ಹನಿಗಳು, ಪದೇ ಪದೇ ಕಾಡುವವರಿಗೆ ಸೈಕ್ಲೋಸ್ಪೋರಿನ್ ಹನಿ ಅಥವಾ ಟ್ಯಾಕ್ರೋಲಿಮಸ್ 0.03% ಮುಲಾಮು, ತಣ್ಣೀರಿನ ಬಟ್ಟೆ, ಟೋಪಿ. ಇವು ಸ್ಟೆರಾಯ್ಡಿನಷ್ಟು ಬೇಗ ಕೆಲಸ ಮಾಡುವುದಿಲ್ಲ. ತಂದೆತಾಯಿ ತಾಳ್ಮೆ ಕಳೆದುಕೊಂಡು ಹಳೆಯ ಬಾಟಲಿಗೆ ಮರಳುವುದು ಅದಕ್ಕೇ. ಅವರನ್ನು ದೂರುವುದಕ್ಕಿಂತ ಮೊದಲ ದಿನವೇ ಈ ಮಾತು ಹೇಳಿ ಕಳಿಸುವುದು ಲೇಸು.

ಮೂರನೆಯದು ಕಪ್ಪುಗುಡ್ಡೆಯ ಹುಣ್ಣು. ಮಂಡ್ಯದಲ್ಲಿ ಇದಕ್ಕೆ ವಿಶೇಷ ತೂಕ ಕೊಡಬೇಕು. ಕಬ್ಬು ಕಡಿಯುವಾಗ ಸೋಗೆಯ ಅಂಚು ಕಣ್ಣಿಗೆ ಗೀರುತ್ತದೆ, ಒಕ್ಕಣೆಯಲ್ಲಿ ಭತ್ತದ ಹೊಟ್ಟು ಸಿಡಿಯುತ್ತದೆ, ಆಲೆಮನೆಯಲ್ಲಿ ಸಿಪ್ಪೆಯ ಧೂಳು ಬೀಳುತ್ತದೆ. ಹಸಿರು ಕಡ್ಡಿ, ಎಲೆ ತಾಗಿದ ಗಾಯದಲ್ಲಿ ಶಿಲೀಂಧ್ರ, ಅಂದರೆ ಫ್ಯುಸೇರಿಯಂ, ಆಸ್ಪರ್ಜಿಲಸ್ ಜಾತಿಯ ಬೂಷ್ಟು, ಬೇರು ಬಿಡುವ ಸಂಭವ ಹೆಚ್ಚು. ಅದರ ಮೇಲೆ ಸ್ಟೆರಾಯ್ಡ್ ಹನಿ ಬಿದ್ದರೆ ಎರಡು ಮೂರು ದಿನ ಕೆಂಪೂ ನೋವೂ ಇಳಿಯುತ್ತದೆ. ಬೂಷ್ಟಿನ ಜೊತೆ ಹೋರಾಡುತ್ತಿದ್ದ ದೇಹದ ಕಾವಲನ್ನು ನಾವೇ ಮಲಗಿಸಿದಂತಾಗುತ್ತದೆ. ವಾರ ಕಳೆದು ಬರುವ ಕಣ್ಣಿನಲ್ಲಿ ಹುಣ್ಣು ಬೂದುಬಣ್ಣಕ್ಕೆ ತಿರುಗಿ, ಅಂಚು ಗರಿಗರಿಯಾಗಿ ಹರಡಿ, ಒಳಗೆ ಕೀವು ನಿಂತಿರುತ್ತದೆ. ಅಂಥ ಕಣ್ಣಿಗೆ ಬೂಷ್ಟು ಕೊಲ್ಲುವ ನ್ಯಾಟಮೈಸಿನ್ 5% ಗಂಟೆಗೊಮ್ಮೆ ಹಾಕುತ್ತ ವಾರಗಳು ಕಾಯಬೇಕು. ಗುಣವಾದರೂ ಹೂವು ಬಿದ್ದ ಕಣ್ಣು ಉಳಿಯುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣಿನ ಕತೆಯೂ ಹೀಗೆಯೇ. ಮರದ ಕೊಂಬೆಯಂಥ ತೆಳು ಗೀರು ಸ್ಟೆರಾಯ್ಡಿನಿಂದ ಅಗಲವಾದ ಹುಣ್ಣಾಗುತ್ತದೆ. (ಹರ್ಪಿಸ್ ಒಳಪದರಕ್ಕೆ ಇಳಿದಾಗ ವೈರಸ್ ಔಷಧದ ರಕ್ಷಣೆಯಲ್ಲಿ ಸ್ಟೆರಾಯ್ಡ್ ಕೊಡುವುದುಂಟು, ಆದರೆ ಅದು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ಮುಂದೆ ಕೂತು ಮಾಡಬೇಕಾದ ತೀರ್ಮಾನ, ಕೌಂಟರಿನ ಹಿಂದೆ ನಿಂತು ಮಾಡುವಂಥದ್ದಲ್ಲ.)

ಹುಣ್ಣಿದೆಯೇ ಇಲ್ಲವೇ ಎಂದು ನೋಡಲು ಬೇಕಾದುದು ಫ್ಲೋರೆಸಿನ್ ಕಾಗದದ ಒಂದು ಪಟ್ಟಿ ಮತ್ತು ನೀಲಿ ಬೆಳಕಿನ ಟಾರ್ಚು. ಪಟ್ಟಿಯನ್ನು ಒಂದು ಹನಿ ಸಲೈನಿನಲ್ಲಿ ಒದ್ದೆ ಮಾಡಿ ಕೆಳರೆಪ್ಪೆಯೊಳಗೆ ತಾಗಿಸಿದರೆ ಹುಣ್ಣಿರುವ ಜಾಗ ಹಸಿರಾಗಿ ಹೊಳೆಯುತ್ತದೆ. ಒಂದು ನಿಮಿಷದ ಕೆಲಸ. ಹಸಿರು ಕಂಡರೆ ಸ್ಟೆರಾಯ್ಡ್ ಕೊಡದೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳಿಸಬೇಕು. ಅಲ್ಲಿ ಹುಣ್ಣಿನ ಅಂಚು ಕೆರೆದು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆ ಅಂದೇ ಕಾಣುತ್ತದೆ.

2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದಾದ್ಯಂತ ಹರಡಿದ್ದು ತಮಗೆ ನೆನಪಿರಬಹುದು. ಅದು ಬಹುತೇಕ ವೈರಸ್ಸಿನ ಸೋಂಕು, ಒಂದೆರಡು ವಾರದಲ್ಲಿ ತಾನೇ ಹೋಗುವಂಥದ್ದು. ಸ್ಟೆರಾಯ್ಡ್ ಹಾಕಿದರೆ ಕಣ್ಣು ಬೇಗ ಬೆಳ್ಳಗಾಗುತ್ತದೆ, ವೈರಸ್ಸು ಮಾತ್ರ ಹೆಚ್ಚು ದಿನ ಉಳಿಯುತ್ತದೆ, ಬೇರೆಯವರಿಗೆ ಅಂಟಿಸುವ ದಿನಗಳೂ ಹೆಚ್ಚಬಹುದು. ಮುಂದಿನ ಅಲೆ ಬರುವ ಮೊದಲೇ ಔಷಧ ವ್ಯಾಪಾರಿಗಳಿಗೆ ಒಂದು ಸುತ್ತೋಲೆ ಹೋಗಲಿ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ವೈದ್ಯರ ಚೀಟಿ ಇದ್ದರಷ್ಟೇ ಮಾರಬಹುದಾದ ಔಷಧಗಳ ಪಟ್ಟಿ, ಅಂದರೆ ಔಷಧ ನಿಯಮಗಳು, 1945ರ ಷೆಡ್ಯೂಲ್ ಎಚ್‌ನಲ್ಲಿ ಚರ್ಮಕ್ಕೆ ಹಚ್ಚುವ ಔಷಧಗಳಿಗೆ ವಿನಾಯಿತಿ ಇತ್ತು. ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯ ವ್ಯಾಪ್ತಿಗೆ ತರಲು 2018ರವರೆಗೆ ಕಾಯಬೇಕಾಯಿತು. ಆದರೆ ಕಣ್ಣು, ಕಿವಿ, ಮೂಗಿನ ಔಷಧಗಳಿಗೆ ಆ ವಿನಾಯಿತಿ ಇಲ್ಲ ಎಂದು ಅದೇ ಷೆಡ್ಯೂಲಿನ ಟಿಪ್ಪಣಿ ಹೇಳುತ್ತದೆ. ನಿಯಮ 65ರ ಪ್ರಕಾರ ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಅಂಗಡಿಯ ಹೆಸರು, ವಿಳಾಸ, ತಾರೀಖನ್ನು ಆ ಚೀಟಿಯ ಮೇಲೆಯೇ ನಮೂದಿಸಬೇಕು. ಈ ಒಂದು ಮುದ್ರೆ ಬಿದ್ದರೆ ಹಳೆಯ ಚೀಟಿಯ ಆಟ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಪರಿವೀಕ್ಷಕರು ಅಂಗಡಿಗೆ ಹೋದಾಗ ಫ್ರಿಜ್ಜಿನ ಉಷ್ಣತೆ, ಅವಧಿ ಮೀರಿದ ಮಾತ್ರೆಗಳ ಜೊತೆಗೆ ಸ್ಟೆರಾಯ್ಡ್ ಹನಿಯ ಖರೀದಿ ಬಿಲ್ಲು ಮತ್ತು ಮಾರಾಟದ ಬಿಲ್ಲನ್ನೂ ಹೊಂದಿಸಿ ನೋಡಲಿ. ಷೆಡ್ಯೂಲ್ ಎಚ್-1ರ ಔಷಧಗಳಿಗೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದು ಮೂರು ವರ್ಷ ಇಡುವ ರಿಜಿಸ್ಟರ್ ಇದೆ. ಸ್ಟೆರಾಯ್ಡ್ ಹನಿಗಳಿಗೂ ಅಂಥದ್ದು ಬೇಕೆಂದು ತಾವು ಮೇಲಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ.

ಔಷಧ ವ್ಯಾಪಾರಿಗಳ ಮೇಲಷ್ಟೇ ಹೊರೆ ಹೊರಿಸುವುದು ನ್ಯಾಯವಲ್ಲ. ಚೀಟಿ ಬರೆಯುವವರೂ ದಾರಿಗೆ ಬರಬೇಕು. 'ದಿನಕ್ಕೆ ನಾಲ್ಕು ಸಲ' ಎಂದಷ್ಟೇ ಬರೆದು ನಿಲ್ಲಿಸುವ ದಿನ ಬರೆಯದ ಚೀಟಿ ಅರ್ಧ ಚೀಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಹನಿ ಬರೆದ ಪ್ರತಿ ಚೀಟಿಯಲ್ಲೂ ಶುರುವಾದ ತಾರೀಖು, ಮುಗಿಯುವ ತಾರೀಖು, ಒತ್ತಡ ನೋಡಿಸಬೇಕಾದ ತಾರೀಖು ಕಡ್ಡಾಯವಾಗಿ ಇರಲಿ ಎಂದು ಆದೇಶ ಹೊರಡಿಸಿ. ಪೊರೆ ಆಪರೇಷನ್ ಆದವರಿಗೂ ಇದು ಅನ್ವಯಿಸಲಿ. ಶಿಬಿರದಿಂದ ಬಂದ ಅಜ್ಜನ ಬಾಟಲಿಯಲ್ಲಿ ಉಳಿದದ್ದು ಮೊಮ್ಮಗನ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಆಪರೇಷನ್ ಆಗಿ ಆರು ವಾರಕ್ಕೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಆ ಬಾಟಲಿಯನ್ನು ವಾಪಸ್ ತರಲಿ.

ಒತ್ತಡ ನೋಡುವುದು ಎಲ್ಲಿ ಎಂದು ತಾವು ಕೇಳಬಹುದು. ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ, ಈ ಆರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ ಸಾಕು. ಗಾಳಿ ಊದಿ ಒತ್ತಡ ಅಳೆಯುವ ಯಂತ್ರಕ್ಕೆ ಟೆಂಡರ್ ಆಗುವವರೆಗೆ ಹಳೆಯ ಶಿಯೋಟ್ಜ್ ಟೋನೋಮೀಟರೇ ಕೆಲಸ ಮಾಡುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ, ಮರಗಟ್ಟಿಸುವ ಹನಿ ಹಾಕಿ, 5.5 ಗ್ರಾಂ ತೂಕದಲ್ಲಿ ಮುಳ್ಳು ತೋರಿಸಿದ್ದನ್ನು ಪಟ್ಟಿಯಲ್ಲಿ ನೋಡಿದರಾಯಿತು. ಹುಣ್ಣಿರುವ ಕಣ್ಣಿನ ಮೇಲೆ ಇಡಬಾರದು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ತಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು, ಇಲ್ಲವಾದರೆ ಮದ್ರಾಸ್ ಐ ಹಂಚುವ ಸಾಧನವಾಗುತ್ತದೆ. ಶುರುವಿನಲ್ಲಿ ಒಂದು ಸಲ, ಎರಡು ವಾರಕ್ಕೆ ಒಂದು ಸಲ, ಹನಿ ಮುಂದುವರಿದರೆ ನಾಲ್ಕು ವಾರಕ್ಕೊಮ್ಮೆ. ಮಕ್ಕಳಿಗೆ ಮೊದಲ ವಾರದ ಕೊನೆಗೇ ನೋಡಿದರೆ ಒಳ್ಳೆಯದು. ಶಿಯೋಟ್ಜ್‌ಗೆ ಅಲುಗಾಡದೆ ಮಲಗದ ಸಣ್ಣ ಮಕ್ಕಳನ್ನು ಮಾತ್ರ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ.

ಶಾಲೆಗಳಿಗೆ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಕ್ಷರದ ಪಟ್ಟಿ ಓದಿಸುವುದರ ಜೊತೆಗೆ ಒಂದು ಪ್ರಶ್ನೆ ಕೇಳಲಿ: "ಮನೆಯಲ್ಲಿ ಕಣ್ಣಿಗೆ ಯಾವುದಾದರೂ ಡ್ರಾಪ್ಸ್ ಹಾಕುತ್ತಾರಾ?" ಹೌದು ಎಂದ ಮಗು ಮರುದಿನ ಬಾಟಲಿ ತರಲಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಆ ವಾರವೇ ಒತ್ತಡ ನೋಡಿಸಿ. ತಾವಾಗಿಯೇ ನಿಲ್ಲಿಸಿಬಿಡಿ ಎಂದು ಮಾತ್ರ ತಂಡದವರು ಹೇಳದಿರಲಿ, ಯಾವ ಕಾರಣಕ್ಕೆ ಹಾಕುತ್ತಿದ್ದಾರೆ ಎಂಬುದು ಮೊದಲು ಗೊತ್ತಾಗಬೇಕು.

ಯುವಿಯೈಟಿಸ್ ರೋಗಿಗಳಿಗೆ ಪ್ರೆಡ್ನಿಸಲೋನ್ ಅಸಿಟೇಟ್ 1% ಮತ್ತು ಹೋಮಟ್ರೋಪಿನ್ ಹನಿಗಳನ್ನು ಚಿಕಿತ್ಸೆ ಮುಗಿಯುವಷ್ಟು ಒದಗಿಸಲು ಮುಂದಿನ ಔಷಧ ಬೇಡಿಕೆ ಪಟ್ಟಿಯಲ್ಲೇ ಸೇರಿಸಬೇಕೆಂದೂ ಕೋರುತ್ತೇವೆ. ಒಬ್ಬರಿಗೆ ಮೂರು ಬಾಟಲಿ ಎಂಬ ಲೆಕ್ಕದಲ್ಲಿ ಬೇಡಿಕೆ ಹೋಗಲಿ, ಒಂದರ ಲೆಕ್ಕದಲ್ಲಿ ಬೇಡ. ಬಿಸಿಲುಗಾಲದ ಅಲರ್ಜಿ ಶುರುವಾಗುವ ಮೊದಲು, ಅಂದರೆ ಜನವರಿ ಮುಗಿಯುವುದರೊಳಗೆ, ಔಷಧ ವ್ಯಾಪಾರಿಗಳು, ನೇತ್ರಾಧಿಕಾರಿಗಳು ಮತ್ತು ಖಾಸಗಿ ವೈದ್ಯರನ್ನು ಒಂದೇ ಸಭೆಗೆ ಕರೆಯಿರಿ. ಸಭೆಗೆ ಬೇಕಾದ ಕನ್ನಡದ ಸೂಚನಾ ಪತ್ರ, ಒತ್ತಡ ದಾಖಲಿಸುವ ಕಾರ್ಡಿನ ನಮೂನೆ ಎರಡನ್ನೂ ಸಿದ್ಧ ಮಾಡಿ ತರುವ ಜವಾಬ್ದಾರಿ ನಮ್ಮದು.

ತಮ್ಮ ವಿಶ್ವಾಸಿಗಳು,
ಮಂಡ್ಯ ಜಿಲ್ಲೆಯ ಕಣ್ಣಿನ ಚಿಕಿತ್ಸಾ ವಿಭಾಗಗಳಲ್ಲಿ ಕೆಲಸ ಮಾಡುವ ವೈದ್ಯರು, ನೇತ್ರಾಧಿಕಾರಿಗಳು ಮತ್ತು ಶುಶ್ರೂಷಕರು